ದೆವ್ವವೋ ಕಾಯಿಲೆಯೋ: ನಮ್ಮ ಸಣ್ಣ ಸಿನಿಮಾ ಸೆನ್ಸಾರ್ ದಾಟಿದ ಕಥೆ

ಹೋದ ವಾರ ಸೆನ್ಸಾರ್ ಪತ್ರ ಬಂತು. ಅರ್ಜಿ ಹಾಕಿದ ದಿನದಿಂದ ಲೆಕ್ಕ ಹಿಡಿದರೆ 71 ದಿನ. ಅದಕ್ಕೂ ಮುಂಚೆ ಬರೀ ಕಾಗದಪತ್ರಕ್ಕೆ ಓಡಾಡಿದ್ದು ಐದು ತಿಂಗಳು. ಮೊದಲ ಸಲ ಸಿನಿಮಾ ಮಾಡುವವರು, ಅದರಲ್ಲೂ ನನ್ನ ಹಾಗೆ ಮನೆಯ ಕಥೆಯನ್ನೇ ಹಾರರ್ ಮಾಡಲು ಹೊರಟವರು, ನಾನು ಬಿದ್ದ ಗುಂಡಿಗಳಲ್ಲಿ ಬೀಳದಿರಲಿ ಅಂತ ಬರೆಯುತ್ತಿದ್ದೇನೆ. ಸಿನಿಮಾದ ಹೆಸರು ಹಾಕುವುದಿಲ್ಲ. ಹಾಕಿದರೆ ಪ್ರಚಾರ ಅಂತೀರಿ, ಅಲ್ವಾ?

ಕಥೆ ಸ್ವಲ್ಪ ಹೇಳಲೇಬೇಕು. ನಮ್ಮದು ತೀರ್ಥಹಳ್ಳಿ ಕಡೆಯ ಹಳೇ ತೊಟ್ಟಿ ಮನೆ. ಹಿಂದುಗಡೆ, ಬಚ್ಚಲಿಗೆ ಹೋಗುವ ದಾರಿಯಲ್ಲಿ ಒಂದು ಕೋಣೆ ಇದೆ. ಅದರ ಚಿಲಕ ಹೊರಗಡೆಯಿಂದ. ಅಜ್ಜನಿಗೆ ಒಬ್ಬ ತಂಗಿ ಇದ್ದರಂತೆ. ಹದಿನೇಳು ವರ್ಷ ಆ ಕೋಣೆಯಲ್ಲೇ ಇದ್ದು, ಅಲ್ಲೇ ಹೋದರು. ದೊಡ್ಡಪ್ಪ ಚಿಕ್ಕವರಿದ್ದಾಗ ಊಟದ ಎಲೆ ತೆಗೆದುಕೊಂಡು ಹೋಗಿ ಬಾಗಿಲ ಸಂದಿಯಲ್ಲಿ ತಳ್ಳುವ ಕೆಲಸ ಅವರದಾಗಿತ್ತು. ಎಷ್ಟೋ ದಿನ ಅನ್ನ ಹಾಗೇ ವಾಪಸ್ ಬರುತ್ತಿತ್ತಂತೆ. ಎಲೆಯ ತುದಿಗೆ ಬಡಿಸಿದ ಉಪ್ಪು ಮಾತ್ರ ಖಾಲಿ.

ನಮ್ಮ ಸಿನಿಮಾ ಶುರುವಾಗುವುದು ಅಲ್ಲಿಂದ. ಅಜ್ಜಿಯ ತಿಥಿಗೆ ಬಂದ ಮೊಮ್ಮಗಳು ಪಂಕ್ತಿಯಲ್ಲಿ ಕೂತು, ಎಲೆಯಿಂದ ಉಪ್ಪನ್ನು ಮಾತ್ರ ಬೆರಳಲ್ಲಿ ಒತ್ತಿ ಒತ್ತಿ ತಿನ್ನುತ್ತಾಳೆ. ಎದುರಿಗೆ ಬಡಿಸುತ್ತಿದ್ದ ಮುದುಕಪ್ಪನ ಕೈಯ ಸೌಟು ನಿಲ್ಲುತ್ತದೆ. ಮುಂದಿನ 118 ನಿಮಿಷ ಆ ಕುಟುಂಬ ನಿಧಾನಕ್ಕೆ ಬೇಯುತ್ತದೆ. ಬಿಳಿ ಸೀರೆ ಇಲ್ಲ, ಗೆಜ್ಜೆ ಸದ್ದು ಇಲ್ಲ.

ಈ ಜಾತಿಯ ಸಿನಿಮಾಕ್ಕೆ ನನ್ನನ್ನು ಎಳೆದದ್ದು 2018ರಲ್ಲಿ ಬಂದ ಆರಿ ಆಸ್ಟರ್ ಅವರ ಇಂಗ್ಲಿಷ್ ಹಾರರ್ ಸಿನಿಮಾ 'ಹೆರೆಡಿಟರಿ'. ಅದರಲ್ಲಿ ಭಯ ಹುಟ್ಟಿಸುವ ದೃಶ್ಯಗಳು ಬೇಕಾದಷ್ಟಿವೆ. ನನಗೆ ಹೊಟ್ಟೆಯಲ್ಲಿ ಕಲೆಸಿದಂತಾಗಿದ್ದು ಮಾತ್ರ ಬೇರೆ ಒಂದು ದೃಶ್ಯಕ್ಕೆ. ತಾಯಿ ಪಾತ್ರದ ಟೋನಿ ಕೊಲೆಟ್, ದುಃಖದಲ್ಲಿರುವವರ ಒಂದು ಸಭೆಯಲ್ಲಿ ಕುರ್ಚಿಯಲ್ಲಿ ಕೂತು ಮನೆಯವರ ಪಟ್ಟಿ ಹೇಳುತ್ತಾಳೆ. ಅಮ್ಮನಿಗೆ ಹೀಗಾಗಿತ್ತು, ಅಪ್ಪ ಊಟ ಬಿಟ್ಟು ಸತ್ತ, ಅಣ್ಣ ಹದಿನಾರಕ್ಕೆ ಜೀವ ಕಳೆದುಕೊಂಡ. ಯಾರಿಗೂ ಹೇಳದ್ದನ್ನು ಅಪರಿಚಿತರ ಮುಂದೆ ಕಕ್ಕುತ್ತಾಳೆ. ನಮ್ಮ ಮನೆಯಲ್ಲಿ ಅಂಥ ಪಟ್ಟಿಯನ್ನು ಯಾರೂ ಹೇಳಿದ್ದಿಲ್ಲ. ಅಜ್ಜನ ತಂಗಿ, ಆಮೇಲೆ ಚಿಕ್ಕಜ್ಜನ ಮಗ, ಆಮೇಲೆ ಯಾರು? ಮೂವತ್ತು ದಾಟುವವರೆಗೆ ನಾನು ಆ ಲೆಕ್ಕ ಹಾಕುತ್ತಲೇ ಇದ್ದೆ. ಪ್ರಾಯಶಃ ನನ್ನ ಓರಗೆಯವರೆಲ್ಲ ಹಾಕಿದ್ದಾರೆ. ಒಬ್ಬರೂ ಬಾಯಿ ಬಿಟ್ಟಿಲ್ಲ.

ಮೊದಲ ಪೆಟ್ಟು ಬಿದ್ದಿದ್ದು ಜಾಗದಿಂದ. ಆ ಇಂಗ್ಲಿಷ್ ಸಿನಿಮಾದವರು ಯೂಟಾದಲ್ಲಿ ಮನೆಯ ಒಳಭಾಗವನ್ನೇ ಸೆಟ್ ಹಾಕಿದ್ದರು. ಗೋಡೆ ಬಿಚ್ಚಿ ಕ್ಯಾಮೆರಾ ಹಿಂದೆ ಸರಿಸಬಹುದಿತ್ತು. ನಮ್ಮ ಒಟ್ಟು ಬಜೆಟ್ 38 ಲಕ್ಷ. ಸೆಟ್ ಎಲ್ಲಿಂದ? ಸ್ವಂತ ಮನೆ ಇದೆಯಲ್ಲ, ಪುಕ್ಕಟೆ ಅಂದುಕೊಂಡೆ. ವಕೀಲರು ನಕ್ಕರು. ಮನೆ ಇನ್ನೂ ಮುತ್ತಜ್ಜನ ಹೆಸರಲ್ಲೇ ಇದೆ. ಹಿಸ್ಸೆ ಆಗಿಲ್ಲ, ಪೌತಿ ಖಾತೆ (ತೀರಿಕೊಂಡವರ ಹೆಸರಿಂದ ವಾರಸುದಾರರ ಹೆಸರಿಗೆ ಬದಲಾವಣೆ) ಆಗಿಲ್ಲ. ನಾಳೆ ಸಿನಿಮಾ ಬಿಡುಗಡೆ ದಿನ ಯಾರೋ ಒಬ್ಬ ದಾಯಾದಿ ತಡೆಯಾಜ್ಞೆ ತಂದರೆ ಏನು ಮಾಡುತ್ತೀಯಾ ಅಂದರು. ಹಾಗಾಗಿ ನಾಡಕಚೇರಿಯಲ್ಲಿ ವಂಶವೃಕ್ಷಕ್ಕೆ ಅರ್ಜಿ. ಅದು ಬಂದ ಮೇಲೆ ಅದರಲ್ಲಿರುವ ಹಕ್ಕುದಾರರೆಲ್ಲರ ಸಹಿ.

ವಂಶವೃಕ್ಷ ಕೈಗೆ ಬಂದಾಗ ಮೊದಲು ನೋಡಿದ್ದು ಅಜ್ಜನ ಆ ತಂಗಿಯ ಹೆಸರನ್ನು. ಇರಲಿಲ್ಲ. ಅಜ್ಜ, ಅಜ್ಜನ ತಮ್ಮ, ಅಷ್ಟೇ. ಮದುವೆಯಾಗದೆ ಹೋದವರನ್ನು ಹೇಳಿಕೆ ಕೊಡುವಾಗ ಮನೆಯವರೇ ಬಿಟ್ಟಿದ್ದರು. ತಪ್ಪು ಕಚೇರಿಯದ್ದಲ್ಲ. ಮನೆಯಲ್ಲಿ ಅವರ ಫೋಟೊ ಇಲ್ಲ. ಮರಣ ದಾಖಲೆಯೂ ಸಿಗಲಿಲ್ಲ.

ಸಹಿ ಹಾಕಬೇಕಾದವರು ಹನ್ನೊಂದು ಜನ. ಇಬ್ಬರು ಮುಂಬೈಯಲ್ಲಿ, ಒಬ್ಬರು ಮಸ್ಕತ್‌ನಲ್ಲಿ. ಮಸ್ಕತ್‌ನವರೇ ಬೇಗ ಕಳಿಸಿದರು. ತಡ ಮಾಡಿದ್ದು ಮನೆಯಲ್ಲೇ ಇರುವ ದೊಡ್ಡಪ್ಪ. ಮೂರು ಸಲ ಹೋದೆ. ಮೂರು ಸಲವೂ ಕಾಫಿ ಕೊಟ್ಟು ಅಡಿಕೆ ಕೊಳೆ ರೋಗದ ವಿಚಾರ ಮಾತಾಡಿ ಕಳಿಸಿದರು. ನಾಲ್ಕನೇ ಸಲ ಹೇಳಿದರು: "ಅದನ್ನೆಲ್ಲ ಈಗ ಎಂತಕ್ಕೆ ಕೆದಕ್ತೀಯಾ ಮಾರಾಯ? ಮನೇಲಿ ಮದುವೆಗೆ ಇರೋ ಹೆಣ್ಣುಮಕ್ಕಳಿದಾರೆ." ನಾನು ಏನೂ ಹೇಳಲಿಲ್ಲ. ಸುಮ್ನೆ ಕೂತೆ. ಸ್ವಲ್ಪ ಹೊತ್ತಾದ ಮೇಲೆ ಅವರೇ, "ಮನೆ ಹೆಸರು ಹಾಕಬೇಡ. ಊರಿನ ಹೆಸರೂ ಬೇಡ" ಅಂದು ಸಹಿ ಹಾಕಿದರು. ನಾನು ಆಗಲೇ ಮನೆಯ ಹೆಸರನ್ನೇ ಟೈಟಲ್ ಮಾಡಿ ಪೋಸ್ಟರ್ ಬರೆಸಿದ್ದೆ. ಅದು ಹೋಯಿತು. ಎರಡನೇ ಟೈಟಲ್ ಫಿಲ್ಮ್ ಚೇಂಬರಿನಲ್ಲಿ ಬೇರೆಯವರು ಆಗಲೇ ನೋಂದಾಯಿಸಿದ್ದರು. ಮೂರನೆಯದು ಸಿಕ್ಕಿತು. ಟೈಟಲ್ ನೋಂದಣಿ ಪತ್ರ ಕೈಗೆ ಬರುವವರೆಗೆ ಪೋಸ್ಟರಿಗೆ ಒಂದು ರೂಪಾಯಿ ಖರ್ಚು ಮಾಡಬೇಡಿ.

ಸ್ಕ್ರಿಪ್ಟ್ ಮುಗಿಸುವ ಮುಂಚೆ ಒಬ್ಬ ಮನೋವೈದ್ಯರಿಗೆ ತೋರಿಸಿದ್ದೆ. ಹಾರರ್ ಅಂತ ಮಾಡುವವರು ಇದೊಂದನ್ನು ದಯವಿಟ್ಟು ಮಾಡಿ. ಅವರು ಓದಿ, ಕಾಗದದ ಹಿಂದೆ ಎರಡು ಅಂಕಿ ಬರೆದರು. ಸ್ಕಿಜೋಫ್ರೇನಿಯಾ ಅನ್ನುವ ಮಾನಸಿಕ ಕಾಯಿಲೆ ಸಾಮಾನ್ಯ ಜನರಲ್ಲಿ ಸುಮಾರು 100ಕ್ಕೆ 1. ತಂದೆಗೋ ತಾಯಿಗೋ ಒಡಹುಟ್ಟಿದವರಿಗೋ ಇದ್ದರೆ ಸುಮಾರು 100ಕ್ಕೆ 10. "ಜನ ಈ ಹತ್ತನ್ನು ನೋಡ್ತಾರೆ. ಉಳಿದ ತೊಂಬತ್ತು ಯಾರು ನೋಡ್ತಾರೆ? ನಿಮ್ಮ ಸಂಬಂಧ ಇನ್ನೂ ದೂರದ್ದು" ಅಂದರು. ಎಷ್ಟು ವರ್ಷ ಅಂಜಿಕೊಂಡಿದ್ದೆ ಈ ಲೆಕ್ಕಕ್ಕೆ! ಹೊರಗೆ ಬಂದು ಬೈಕ್ ಮೇಲೆ ಸುಮಾರು ಹೊತ್ತು ಕೂತಿದ್ದೆ.

ಶೂಟಿಂಗ್ 24 ದಿನ. ಅದರ ಕಥೆ ಬೇರೆ. ಇಲ್ಲಿ ಬೇಕಾದದ್ದು ಅಲ್ಲಿ ನಾವು ಮಾಡಿದ ತಪ್ಪುಗಳು. ಅವೆಲ್ಲ ಸೆನ್ಸಾರ್ ಹೊತ್ತಿಗೆ ಬಡ್ಡಿ ಸಮೇತ ಬಂದು ಬಾಗಿಲು ತಟ್ಟಿದವು.

ಪ್ರಾಣಿಗಳದ್ದೇ ದೊಡ್ಡದು. ಸಿನಿಮಾದಲ್ಲಿ ಪ್ರಾಣಿ ಬಳಸಿದರೆ ಪ್ರಾಣಿ ಕಲ್ಯಾಣ ಮಂಡಳಿಯ ಅನುಮತಿ ಬೇಕು. ಮಂಡಳಿ ಇರುವುದು ಹರಿಯಾಣದ ಬಲ್ಲಭಗಡದಲ್ಲಿ, 2018ರವರೆಗೆ ಚೆನ್ನೈನಲ್ಲಿತ್ತು. ಶೂಟಿಂಗ್‌ಗೆ ಮುಂಚೆಯೇ ಅರ್ಜಿ ಹಾಕಬೇಕು, ಪಶುವೈದ್ಯರ ಸರ್ಟಿಫಿಕೇಟ್, ಪ್ರಾಣಿಯ ಮಾಲೀಕರ ಒಪ್ಪಿಗೆ ಎಲ್ಲ ಸೇರಿಸಿ. ಶೂಟಿಂಗ್ ಮುಗಿದ ಮೇಲೆ ದೃಶ್ಯ ತೋರಿಸಿ ಆಕ್ಷೇಪಣೆ ಇಲ್ಲ ಅನ್ನುವ ಪತ್ರ ತೆಗೆದುಕೊಳ್ಳಬೇಕು. ಕೊಟ್ಟಿಗೆಯ ದನಗಳಿಗೆ ಇದನ್ನೆಲ್ಲ ಸರಿಯಾಗಿ ಮಾಡಿಸಿದ್ದೆವು. ಆದರೆ ಮನೆಯ ನಾಯಿ ಕರಿಯ ಇದಾನಲ್ಲ, ಅವನಿಗೆ ಯಾವ ಅನುಮತಿಯೂ ಗೊತ್ತಿಲ್ಲ. ಜಗಲಿಯ ಒಂದು ಲಾಂಗ್ ಶಾಟ್‌ನಲ್ಲಿ ಹಿಂದುಗಡೆಯಿಂದ ನಿಧಾನಕ್ಕೆ ನಡೆದು ಹೋಗಿದ್ದ. ಎಡಿಟಿಂಗ್‌ನಲ್ಲಿ ನಾವೆಲ್ಲ "ಎಂಥಾ ನ್ಯಾಚುರಲ್ ಆಗಿದೆ" ಅಂತ ಖುಷಿಪಟ್ಟಿದ್ದೆವು. ಕೊನೆಗೆ ಅವನನ್ನು ಗ್ರಾಫಿಕ್ಸ್‌ನಲ್ಲಿ ಅಳಿಸಲು 28,000 ರೂಪಾಯಿ. ಹೊಗಳಿದ ನಾಲಿಗೆಗೆ ದಂಡ.

ಕಾಗೆಯದ್ದು ಇನ್ನೊಂದು. ತಿಥಿಯಲ್ಲಿ ಪಿಂಡಕ್ಕೆ ಕಾಗೆ ಬರದೆ ಎಲ್ಲರೂ ಕಾಯುವ ದೃಶ್ಯ. ಬರುವ ಕಾಗೆ ಪೂರ್ತಿ ಗ್ರಾಫಿಕ್ಸ್. ಗ್ರಾಫಿಕ್ಸ್ ಆದರೆ ತಲೆನೋವಿಲ್ಲ ಅಂದುಕೊಂಡಿದ್ದೆ. ಅದಕ್ಕೂ ದಾಖಲೆ ಬೇಕು. ಖಾಲಿ ಶಾಟ್, ಆಮೇಲೆ ಹಕ್ಕಿಯ ಮಾದರಿ, ಆಮೇಲೆ ಬಣ್ಣ, ಹೀಗೆ ಹಂತ ಹಂತದ ವಿಡಿಯೊ. ಗ್ರಾಫಿಕ್ಸ್ ಹುಡುಗ ಹಳೇ ಫೈಲ್‌ಗಳನ್ನು ಅಳಿಸಿಬಿಟ್ಟಿದ್ದ. ಮತ್ತೆ ಮಾಡಿಸುವುದಕ್ಕೆ ಮೂರು ವಾರ. ನಿಮ್ಮ ಗ್ರಾಫಿಕ್ಸ್‌ನವರಿಗೆ ಮೊದಲ ದಿನವೇ ಹೇಳಿಡಿ, ಒಂದು ಫೈಲೂ ಅಳಿಸಬಾರದು.

ತಂಬಾಕು. ಅಜ್ಜನ ಪಾತ್ರ ಯಾವಾಗಲೂ ಕವಳ ಹಾಕುತ್ತಿರುತ್ತದೆ. ಬರೀ ಎಲೆ, ಅಡಿಕೆ, ಸುಣ್ಣ ಇದ್ದಿದ್ದರೆ ಮುಗಿದಿತ್ತು. ನಾವು ನೈಜವಾಗಿರಲಿ ಅಂತ ಹೊಗೆಸೊಪ್ಪನ್ನು ಚೂರು ಮಾಡುವುದನ್ನು ಹತ್ತಿರದಿಂದ ತೋರಿಸಿದ್ದೆವು. ಹಾಗಾಗಿ ಸಿನಿಮಾದ ಶುರುವಿನಲ್ಲಿ, ಮಧ್ಯದಲ್ಲಿ 30 ಸೆಕೆಂಡಿನ ಆರೋಗ್ಯ ಸಂದೇಶ, 20 ಸೆಕೆಂಡಿನ ಎಚ್ಚರಿಕೆ, ಜೊತೆಗೆ ಆ ದೃಶ್ಯ ಇರುವಷ್ಟು ಹೊತ್ತೂ ಕೆಳಗಡೆ ಅಕ್ಷರ. ನಾಲ್ಕು ನಿಮಿಷದ, ಮಾತೇ ಇಲ್ಲದ ಒಂದು ಶಾಟ್. ಕತ್ತಲಲ್ಲಿ ಅಜ್ಜ ಕವಳ ಜಗಿಯುತ್ತಾ ಆ ಚಿಲಕವನ್ನೇ ನೋಡುತ್ತಿದ್ದಾನೆ. ಕೆಳಗೆ ಬೆಳ್ಳಗೆ 'ತಂಬಾಕು ಆರೋಗ್ಯಕ್ಕೆ ಹಾನಿಕರ'. ನಮ್ಮ ಕ್ಯಾಮೆರಾಮನ್ ಎರಡು ದಿನ ನನ್ನ ಜೊತೆ ಮಾತು ಬಿಟ್ಟ.

ಇನ್ನು ಅರ್ಜಿ. ಈಗ ಎಲ್ಲ ಆನ್‌ಲೈನ್, ಸೆನ್ಸಾರ್ ಮಂಡಳಿಯ ಇ-ಸಿನೆಪ್ರಮಾಣ್ ಪೋರ್ಟಲ್‌ನಲ್ಲಿ. ಬೆಂಗಳೂರಿನ ಪ್ರಾದೇಶಿಕ ಕಚೇರಿ ಕೋರಮಂಗಲದಲ್ಲಿದೆ. ಶುಲ್ಕ ಪೋರ್ಟಲ್ಲೇ ತೋರಿಸುತ್ತದೆ. ನಮ್ಮ ಒಟ್ಟು ಖರ್ಚಿನಲ್ಲಿ ಅದು ಸಣ್ಣ ಭಾಗ. ಜಾಸ್ತಿ ಹೋಗುವುದು ಥಿಯೇಟರ್ ಬಾಡಿಗೆ, ಡಿಸಿಪಿ (ಥಿಯೇಟರಿನಲ್ಲಿ ಓಡಿಸುವ ಡಿಜಿಟಲ್ ಪ್ರತಿ), ಮತ್ತೆ ಮತ್ತೆ ಸೌಂಡ್ ಮಿಕ್ಸಿಂಗ್, ಇಂಥದ್ದಕ್ಕೆ. ಗಾಂಧಿನಗರದಲ್ಲಿ ಈ ಕೆಲಸ ಮಾಡಿಕೊಡುವವರು ಸಿಗುತ್ತಾರೆ. ನಾನೂ ಒಬ್ಬರನ್ನು ಹಿಡಿದೆ, 40,000 ಕೊಟ್ಟೆ. ದುಡ್ಡು ದಂಡ ಅನ್ನುವುದಿಲ್ಲ. ಆದರೆ ಒಂದು ಕೆಲಸವನ್ನು ಅವರ ಕೈಗೆ ಕೊಡಬೇಡಿ: ಕಥಾ ಸಾರಾಂಶ.

ಯಾಕೆ ಅಂದರೆ ಅವರು ಬರೆದದ್ದು ಹೀಗಿತ್ತು: 'ಹಳೆಯ ಮನೆಯಲ್ಲಿರುವ ಪ್ರೇತಾತ್ಮ ಕುಟುಂಬದ ಹೆಣ್ಣುಮಕ್ಕಳನ್ನು ಕಾಡುತ್ತದೆ.' ಅಲ್ಲ, ಅದು ಪ್ರೇತಾತ್ಮ ಅಂತ ನಾವು ಎಲ್ಲೂ ಹೇಳಿಲ್ಲ ಅಂದೆ. "ಹಾಗಾದ್ರೆ ಏನ್ ಸಾರ್ ಅದು? ಕಾಯಿಲೆನಾ? ಕಾಯಿಲೆ ಅಂತ ಹಾಕ್ಲಾ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಸಿನಿಮಾದಲ್ಲಿ 118 ನಿಮಿಷ ಜಾಣತನದಿಂದ ತಪ್ಪಿಸಿಕೊಂಡ ಪ್ರಶ್ನೆ ಅದು. ನಮ್ಮ ಮನೆಯವರು ಎಪ್ಪತ್ತು ವರ್ಷದಿಂದ ತಪ್ಪಿಸಿಕೊಂಡದ್ದೂ ಅದೇ. ಮನೆಯಲ್ಲಿ ಕೇಳಿದರೆ ಒಬ್ಬೊಬ್ಬರದು ಒಂದೊಂದು. ಹೊಲದ ಬೇಲಿಯ ಹತ್ತಿರ ಏನೋ ದಾಟಿದರು, ಯಾರೋ ಮಾಡಿಸಿದರು, ಪಿತೃದೋಷ. ಕಾಯಿಲೆ ಅಂತ ಒಬ್ಬರೂ ಅಂದವರಲ್ಲ. ಹಾಗೆ ಅಂದುಬಿಟ್ಟರೆ ಔಷಧಿ ಕೊಡಿಸಬೇಕಿತ್ತಲ್ಲ ಅನ್ನುವ ಮಾತು ಬರುತ್ತದೆ.

ಸಾರಾಂಶದ ಆ ಎರಡು ಪುಟ ಬರೆಯಲು ಒಂಬತ್ತು ದಿನ ಹಿಡಿಯಿತು. ಕೊನೆಗೆ ಬರೆದೆ: 'ಚಿಕಿತ್ಸೆ ಸಿಗದೆ ಕೋಣೆಯಲ್ಲಿ ಸತ್ತ ಹೆಣ್ಣುಮಗಳೊಬ್ಬಳ ವಿಷಯವನ್ನು ಮುಚ್ಚಿಟ್ಟ ಕುಟುಂಬ, ಆ ಮುಚ್ಚಿಟ್ಟದ್ದನ್ನೇ ದೆವ್ವ ಎಂದು ನಂಬುತ್ತದೆ.' ಸ್ಕ್ರಿಪ್ಟ್ ಬರೆದಾಗ ನನಗೇ ಇಷ್ಟು ಗೊತ್ತಿರಲಿಲ್ಲ. ಅದನ್ನು ಓದಿದ ಮೇಲೆ ಕೊನೆಯ ದೃಶ್ಯದ ಹಿನ್ನೆಲೆ ಸಂಗೀತ ಸುಳ್ಳು ಅನ್ನಿಸಿತು, ತೆಗೆಸಿದೆ. ಅಲ್ಲೇ ಇನ್ನೊಂದು ಎಡವಟ್ಟಾಗುವುದರಲ್ಲಿತ್ತು. ಅರ್ಜಿ ಹಾಕುವ ಸಿನಿಮಾ ಸಂಗೀತ, ಸದ್ದು ಎಲ್ಲ ಸೇರಿ ಪೂರ್ತಿ ಮುಗಿದಿರಬೇಕು. ಪ್ರಮಾಣಪತ್ರ ಸಿಕ್ಕ ಮೇಲೆ ತೆರೆಯ ಮೇಲೆ ಬರುವ ಬರಹದ ಒಂದು ಕಾರ್ಡ್ ಬದಲಿಸಿದರೂ ಮತ್ತೆ ಅನುಮತಿ ಬೇಕು. ಅದೃಷ್ಟಕ್ಕೆ ಅಪ್‌ಲೋಡ್ ಮಾಡುವ ಹಿಂದಿನ ದಿನ ಈ ಬದಲಾವಣೆ ಮುಗಿಸಿದೆ. ಅರ್ಧ ದಿನದ ಮಿಕ್ಸಿಂಗ್, 18,000.

ಆಮೇಲೆ ಕಾಯುವುದು. ದಿನಾ ಬೆಳಿಗ್ಗೆ ಎದ್ದು ಪೋರ್ಟಲ್ ತೆರೆಯುವುದು, ಮುಚ್ಚುವುದು. ಎರಡು ಸಲ ವಾಪಸ್ ಬಂತು. ಒಂದು ಸಲ ಸಂಭಾಷಣೆಯ ಪ್ರತಿಗೂ ಸಿನಿಮಾಕ್ಕೂ ತಾಳೆಯಾಗದ್ದಕ್ಕೆ. ಡಬ್ಬಿಂಗ್‌ನಲ್ಲಿ ಮಾತು ಬದಲಿಸಿದ್ದೆವು, ಪ್ರತಿಯಲ್ಲಿ ತಿದ್ದಿರಲಿಲ್ಲ. ಇನ್ನೊಂದು ಸಲ ಅವಧಿ ಹನ್ನೊಂದು ಸೆಕೆಂಡ್ ಹೆಚ್ಚು ಕಡಿಮೆ. ಎರಡೂ ನಮ್ಮ ತಪ್ಪೇ.

ಪ್ರದರ್ಶನದ ದಿನ. ಮಲ್ಲೇಶ್ವರದ ಕಡೆಯ ಒಂದು ಪ್ರಿವ್ಯೂ ಥಿಯೇಟರ್, ಬೆಳಿಗ್ಗೆ ಹತ್ತೂವರೆ. ನಾಲ್ವರು ಸದಸ್ಯರು, ಒಬ್ಬ ಪರೀಕ್ಷಣಾಧಿಕಾರಿ. ಸಿನಿಮಾ ಓಡುವಾಗ ನಾವು ಒಳಗೆ ಇರುವಂತಿಲ್ಲ. ಮೆಟ್ಟಿಲ ಮೇಲೆ ಕೂತೆ. ಒಳಗಿಂದ ಏನೂ ಕೇಳುತ್ತಿರಲಿಲ್ಲ. ಬೇರೆ ಸಿನಿಮಾ ಆಗಿದ್ದರೆ ಹಾಡೋ ಫೈಟೋ ಕೇಳಿ ಎಲ್ಲಿಗೆ ಬಂತು ಅಂತ ಗೊತ್ತಾಗುತ್ತಿತ್ತು. ನಮ್ಮದರಲ್ಲಿ ಸದ್ದೇ ಇಲ್ಲವಲ್ಲ. ಎರಡು ಗಂಟೆಯಲ್ಲಿ ಐದು ಟೀ ಕುಡಿದೆ. ಒಂದು ಕಿವಿಮಾತು: ಹಿಂದಿನ ದಿನ ಅದೇ ಥಿಯೇಟರಿನಲ್ಲಿ ಹತ್ತು ನಿಮಿಷ ಓಡಿಸಿ ನೋಡಿ. ನಾವು ನೋಡಿದ್ದಕ್ಕೆ ಏಸಿಯ ಗುಂಯ್ ಸದ್ದಿನಲ್ಲಿ ನಮ್ಮ ಉಸಿರಾಟದ ಸೌಂಡೆಲ್ಲ ಮುಳುಗುವುದು ಗೊತ್ತಾಗಿ, ವಾಲ್ಯೂಮ್ ಏರಿಸಲು ಹೇಳಿಟ್ಟಿದ್ದೆವು.

ಒಳಗೆ ಕರೆದಾಗ ಎದೆ ಬಡಿತ ನನಗೇ ಕೇಳುತ್ತಿತ್ತು. ಬೈಯುತ್ತಾರೆ ಅಂದುಕೊಂಡು ಹೋಗಿದ್ದೆ. ಯಾರೂ ಬೈಯಲಿಲ್ಲ. ಕನ್ನಡಕ ಹಾಕಿದ ಒಬ್ಬ ಹೆಂಗಸು, ನಮ್ಮ ಅಮ್ಮನ ವಯಸ್ಸಿನವರು, ಮೊದಲು ಕೇಳಿದ್ದು: "ಆ ಉಪ್ಪು... ಅದು ನೀವು ಕಲ್ಪನೆ ಮಾಡಿದ್ದಾ?" ಅಲ್ಲ ಅಂದೆ. ಅವರು ತಲೆ ಅಲ್ಲಾಡಿಸಿ ಏನೋ ಬರೆದುಕೊಂಡರು.

ನಾವು ಕೇಳಿದ್ದು ಯುಎ (ದೊಡ್ಡವರ ಮಾರ್ಗದರ್ಶನದಲ್ಲಿ ಮಕ್ಕಳೂ ನೋಡಬಹುದಾದದ್ದು) 16+. ಗೊತ್ತಿಲ್ಲದವರಿಗೆ: 2024ರ ಹೊಸ ನಿಯಮಗಳಲ್ಲಿ ಯುಎ ಅನ್ನುವುದನ್ನು 7+, 13+, 16+ ಅಂತ ಮೂರು ಮಾಡಿದ್ದಾರೆ. ಎ (ವಯಸ್ಕರಿಗೆ ಮಾತ್ರ) ಸಿಕ್ಕರೆ ಸಿನಿಮಾವನ್ನು ಹಾಗೇ ಟಿವಿಯಲ್ಲಿ ಹಾಕಲು ಬರುವುದಿಲ್ಲ. ನಮ್ಮಂಥ ಸಣ್ಣವರಿಗೆ ಟಿವಿಯ ದುಡ್ಡೇ ಉಸಿರು. ಇದ್ದ ಹಾಗೆ ಬಿಟ್ಟರೆ ಎ, ಕೆಲವು ಬದಲಾವಣೆ ಮಾಡಿದರೆ 16+ ಅಂದರು. ಜೀವ ಕಳೆದುಕೊಳ್ಳುವ ದೃಶ್ಯ ಚಿಕ್ಕದಾಗಬೇಕು. ಮಾಟ ಮಾಡಿಸುವ ದೃಶ್ಯಕ್ಕೆ ಎಚ್ಚರಿಕೆಯ ಸಾಲು ಬೇಕು. ಇಲ್ಲಿ ವಾಮಾಚಾರ ತಡೆಯುವ ಕಾಯ್ದೆ 2020ರಿಂದ ಜಾರಿಯಲ್ಲಿದೆ, ನೆನಪಿರಲಿ. ಮತ್ತೆ ಒಂದು ಪದ.

ಆ ಪದ 'ಹುಚ್ಚಿ'. ಸಿನಿಮಾದಲ್ಲಿ ಏಳು ಸಲ ಬರುತ್ತದೆ. ಮಾನಸಿಕ ತೊಂದರೆ ಇರುವವರನ್ನು ಹೀಯಾಳಿಸುವ ದೃಶ್ಯ ಇರಬಾರದು ಅನ್ನುವುದು ಸೆನ್ಸಾರ್ ಮಾರ್ಗಸೂಚಿಯಲ್ಲಿ ಹಿಂದಿನಿಂದಲೂ ಇದೆ. ಅಂಗವಿಕಲರನ್ನು ಸಿನಿಮಾದಲ್ಲಿ ಹೇಗೆ ತೋರಿಸಬೇಕು ಅಂತ 2024ರ ಜುಲೈಯಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿದೆ. ನಾನು ವಾದ ಮಾಡಿದೆ. ಇದು ಹೀಯಾಳಿಸುವ ಸಿನಿಮಾ ಅಲ್ಲ, ಹೀಯಾಳಿಸಿದವರ ಸಿನಿಮಾ ಅಂದೆ. ಕೇಳಿಸಿಕೊಂಡರು. ಎರಡು ಕಡೆ ಇಟ್ಟುಕೊಳ್ಳಿ, ಐದು ಕಡೆ ತೆಗೆಯಿರಿ ಅನ್ನುವಲ್ಲಿಗೆ ಬಂತು. ಒಪ್ಪದಿದ್ದರೆ ಪರಿಷ್ಕರಣ ಸಮಿತಿಗೆ ಹೋಗಬಹುದು. ಅದರಾಚೆ ಮೊದಲು ಒಂದು ಮೇಲ್ಮನವಿ ನ್ಯಾಯಮಂಡಳಿ ಇತ್ತು, 2021ರಲ್ಲಿ ಮುಚ್ಚಿದ್ದಾರೆ. ಈಗ ನೇರ ಹೈಕೋರ್ಟ್. ಬಡ್ಡಿಗೆ ತಂದ ದುಡ್ಡು ಇಟ್ಟುಕೊಂಡು ಹೈಕೋರ್ಟ್ ಮೆಟ್ಟಿಲು ಯಾರು ಹತ್ತುತ್ತಾರೆ?

ಬರೀ ಮ್ಯೂಟ್ ಮಾಡಿದರೆ ತುಟಿ ಅಲ್ಲಾಡುತ್ತದೆ, ಮಾತು ಇರುವುದಿಲ್ಲ. ಬೇರೆ ಪದ ಹಾಕಬೇಕು. ಡಬ್ಬಿಂಗ್ ಸ್ಟುಡಿಯೊದಲ್ಲಿ ಕೂತು ಒಂದೊಂದೇ ಹಾಕಿ ನೋಡಿದೆವು. ಯಾವುದೂ ಕೂರಲಿಲ್ಲ. ರಾತ್ರಿ ದೊಡ್ಡಪ್ಪನಿಗೆ ಫೋನ್ ಮಾಡಿದೆ. ನೀವೆಲ್ಲ ಮನೆಯಲ್ಲಿ ಅವರನ್ನು ಏನಂತ ಕರೀತಿದ್ರಿ ಅಂತ ಕೇಳಿದೆ. ಆ ಕಡೆ ಮಾತಿಲ್ಲ. ಹಿಂದೆ ಟಿವಿಯ ಸದ್ದು. ಆಮೇಲೆ, "ಕರೆಯೋದೆಂತ ಬಂತು. 'ಆ ಕೋಣೆಯವಳು' ಅಂತಿದ್ರು. 'ಕೋಣೆಯವಳಿಗೆ ಎಲೆ ಕೊಟ್ಟು ಬಾ' ಅಂತ ಅಮ್ಮ ನನ್ನ ಕಳಿಸ್ತಿದ್ಲು" ಅಂದರು.

ಐದು ಕಡೆಯೂ 'ಕೋಣೆಯವಳು' ಹಾಕಿದೆವು. ಸ್ಟುಡಿಯೊದ ಸೌಂಡ್ ಹುಡುಗ ಹೆಡ್‌ಫೋನ್ ತೆಗೆದು, "ಸಾರ್, ಇದು ಮೊದಲಿಗಿಂತ ಭಯ ಆಗುತ್ತೆ" ಅಂದ. ಉಳಿಸಿಕೊಳ್ಳಲು ಬಿಟ್ಟಿದ್ದ ಎರಡನ್ನೂ ನಾನೇ ಬದಲಿಸಿದೆ.

ಬದಲಾಯಿಸಿದ ತುಣುಕುಗಳನ್ನು ಕಳಿಸಿದ ಮೇಲೆ ಮತ್ತೆ ಹನ್ನೆರಡು ದಿನ. ಆ ತುಣುಕುಗಳ ಜೊತೆಗೇ ಸಿನಿಮಾದ ಕೊನೆಗೆ ಒಂದು ಕಾರ್ಡ್ ಸೇರಿಸಿದ್ದೇವೆ, ಮಾನಸಿಕ ಆರೋಗ್ಯದ ಟೆಲಿ ಮಾನಸ್ ಸಹಾಯವಾಣಿ 14416. ಇದನ್ನು ಯಾರೂ ಹಾಕಿ ಅನ್ನಲಿಲ್ಲ. ಟ್ರೈಲರ್‌ಗೆ ಬೇರೆಯೇ ಪ್ರಮಾಣಪತ್ರ ಬೇಕು, ಅದನ್ನು ಮರೆತು ನಾವು ಇನ್ನೂ ಒಂದು ವಾರ ಕಳೆದುಕೊಂಡೆವು. ನೀವು ಜೊತೆಯಲ್ಲೇ ಹಾಕಿಬಿಡಿ.

ಪ್ರಮಾಣಪತ್ರ ತೆಗೆದುಕೊಂಡು ಊರಿಗೆ ಹೋದೆ. ಅದರ ಎರಡನೇ ಭಾಗದಲ್ಲಿ ಏನೇನು ತೆಗೆದರು, ಏನು ಬದಲಾಯಿತು ಅಂತ ನಿಮಿಷ, ಸೆಕೆಂಡ್ ಸಮೇತ ಪಟ್ಟಿ ಇರುತ್ತದೆ. ದೊಡ್ಡಪ್ಪ ಜಗಲಿಯಲ್ಲಿ ಕೂತು ಕನ್ನಡಕ ಏರಿಸಿ ಓದಿದರು. ಆ ಪದವನ್ನು ಬದಲಿಸಿದ ಸಾಲಿನ ಮೇಲೆ ಬೆರಳು ನಿಂತಿತು.

"ಇದು ಅವಳ ವಿಷಯವಾ?"

ಹೌದು ಅಂದೆ.

"ಸರ್ಕಾರದ್ದೇ ಕಾಗದವಾ?"

ಹೌದು.

ಒಂದು ಜೆರಾಕ್ಸ್ ಮಾಡಿಸಿಕೊಂಡು ಬಾ ಅಂದರು. ಪೇಟೆಗೆ ಹೋಗಿ ಮಾಡಿಸಿಕೊಂಡು ಬಂದೆ. ಪಹಣಿ, ಕಂದಾಯದ ರಸೀದಿ ಎಲ್ಲ ಇಡುವ ತಗಡಿನ ಪೆಟ್ಟಿಗೆ ಎಳೆದು, ಅದನ್ನು ನಾಲ್ಕಾಗಿ ಮಡಿಸಿ, ವಂಶವೃಕ್ಷದ ಒಳಗೆ ಇಟ್ಟರು. ಬೀಗ ಹಾಕಿ, ಅಡಿಕೆಗೆ ಎರಡನೇ ಸಲ ಔಷಧಿ ಹೊಡೆಸಬೇಕು, ಆಳು ಸಿಗ್ತಿಲ್ಲ ಅಂತ ಶುರು ಮಾಡಿದರು.